ತೆರೆದ ಮರದ ಮೆಟ್ಟಿಲಿನ ಹಿಂಬದಿ ಮುಚ್ಚುತ್ತೀರಾ? ಮೊದಲು ಪಾದ ಇಟ್ಟು ನೋಡಿ

ದೃಶ್ಯ: ಮರದ ಮೆಟ್ಟಿಲು, ಪಕ್ಕದಿಂದ. ಒಂದು ಸ್ಟೀಲ್ ಡಬ್ಬಿ ಎರಡು ಮೆಟ್ಟಿಲುಗಳ ನಡುವಿನ ಸಂದಿಯಲ್ಲಿ ತೂರಿ ಆಚೆ ಬೀಳುತ್ತದೆ. ಠಣ್ ಎಂಬ ಸದ್ದು.

ನಿರೂಪಣೆ: ನಮಸ್ಕಾರ. ಈಗ ಬಿತ್ತಲ್ಲ, ಆ ಡಬ್ಬಿಯ ಅಗಲ 4 ಇಂಚು. ಅದು ತೂರಿದ ಸಂದಿ 6 ಇಂಚು. ಬ್ರಿಟನ್, ಅಮೆರಿಕದ ಕಟ್ಟಡ ನಿಯಮಗಳಲ್ಲಿ ಹೆಚ್ಚುಕಡಿಮೆ ಇದೇ ಪರೀಕ್ಷೆ ಇದೆ. ಮನೆಯ ಮೆಟ್ಟಿಲು ಹಿಂದೆ ತೆರೆದಿದ್ದರೆ ಆ ಸಂದಿಯಲ್ಲಿ 4 ಇಂಚಿನ ಚೆಂಡು ತೂರಬಾರದು. ಚಿಕ್ಕ ಮಗು ನುಸುಳಿ ಸಿಕ್ಕಿಕೊಳ್ಳಬಾರದು ಅಂತ ಇಟ್ಟ ಅಳತೆ ಅದು. 6 ಇಂಚಿನಲ್ಲಿ ಸಿಕ್ಕಿಕೊಳ್ಳುವುದು ಬೇಡ, ಕೂಸು ಸೀದಾ ಆಚೆಗೇ ಹೋಗಬಹುದು.

ನಾವು ಇರುವುದು ಪುಣೆಯ ಸಿಂಹಗಡ ರಸ್ತೆಯ ಒಂದು ರೋ ಹೌಸ್‌ನಲ್ಲಿ. ಮನೆಯವರು ವಿಜಯಪುರದ ಕಡೆಯವರು. ಮೊಮ್ಮಗ ಈಗಷ್ಟೇ ಅಂಬೆಗಾಲಿಡುತ್ತಿದ್ದಾನೆ, ಮನೆಯಲ್ಲಿ ಬೇರೆ ಎಷ್ಟೇ ಆಟಿಕೆ ಇದ್ದರೂ ಅವನಿಗೆ ಮೆಟ್ಟಿಲೇ ಬೇಕು. ಅಜ್ಜಿ, ಅಂದರೆ ನಮ್ಮ ಕಾಕು, ಅವರದು ಬೇರೆ ತಕರಾರು.

ಕಾಕು: ಮ್ಯಾಲೆ ಹತ್ತುವಾಗ ಸಂದ್ಯಾಗಿಂದ ಕೆಳಗಿನ ನೆಲಾ ಕಾಣತೈತಿ ತಮ್ಮಾ. ತಲಿ ತಿರಗತೈತಿ. ಹಿಂದ ಒಂದೊಂದ ಹಲಗಿ ಹೊಡದ ಬಿಟ್ರ ಆತಲ್ಲ? ಅದಕ್ಯಾಕ ಇಷ್ಟ ವಿಚಾರ?

ನಿರೂಪಣೆ: ಹೊಡೆಯೋದು ದೊಡ್ಡ ಕೆಲಸ ಅಲ್ಲ ಕಾಕು. ಎಲ್ಲಿ ಹೊಡೀಬೇಕು ಅನ್ನೋದಕ್ಕೇ ಈ ವಿಚಾರ. ನೀವು ಒಂದು ಕಾಲು ಮೂರನೇ ಮೆಟ್ಟಿಲ ಮೇಲೆ ಇಡ್ರಿ, ದಿನಾ ಇಡೋ ಹಂಗೇ.

ದೃಶ್ಯ: ಪಾದ ಹತ್ತಿರದಿಂದ. ಹೆಬ್ಬೆರಳಿನ ತುದಿ ಮೇಲಿನ ಹಲಗೆಯ ಅಡಿಗೆ ಸ್ವಲ್ಪ ಹೋಗಿದೆ.

ನಿರೂಪಣೆ: ಬೆರಳು ನೋಡಿ. ಮೇಲಿನ ಹಲಗೆಯ ಕೆಳಗೆ ನುಗ್ಗಿದೆ. ತೆರೆದ ಮೆಟ್ಟಿಲಿನಲ್ಲಿ ನಮ್ಮ ಪಾದ ಹಲಗೆಯ ಮೇಲೆ ಮಾತ್ರ ಇರುವುದಿಲ್ಲ, ಹಿಂದಿನ ಖಾಲಿ ಜಾಗವನ್ನೂ ಬಳಸಿಕೊಳ್ಳುತ್ತದೆ. ಹತ್ತುವಾಗ ಬೆರಳಿಗೆ ಆ ಜಾಗ ಬೇಕು, ಇಳಿಯುವಾಗ ಹಿಮ್ಮಡಿಗೆ ಬೇಕು. ಅಲ್ಲಿ ಹಲಗೆ ಬಂದು ಕೂತರೆ ಇಳಿಯುವಾಗ ಹಿಮ್ಮಡಿ ಅದಕ್ಕೆ ತಾಗಿ ಪಾದ ಮುಂದೆ ಸರಿಯುತ್ತದೆ. ಆಗ ಬೆರಳುಗಳು ಮೆಟ್ಟಿಲಿನ ಅಂಚಿನಿಂದ ಹೊರಗೆ. ಮಗುವಿಗೆ ಅಂತ ಮುಚ್ಚಿ ಅಜ್ಜಿಯನ್ನು ಬೀಳಿಸಿದ ಹಾಗಾಗುತ್ತದೆ.

ಹಾಗಾಗಿ ಮೊದಲು ಮೆಟ್ಟಿಲಿನ ಆಳ ಅಳೆಯಬೇಕು. ಹಲಗೆಯ ಅಗಲವನ್ನು ಟೇಪಿನಲ್ಲಿ ಹಿಡಿದು 11 ಇಂಚು ಅಂತ ಬರೆದುಕೊಂಡರೆ ಅದು ಸರಿಯಾದ ಲೆಕ್ಕ ಅಲ್ಲ. ಮೇಲಿನ ಹಲಗೆಯ ಮುಂದಿನ ಅಂಚಿನಿಂದ ತೂಗುಗುಂಡು ಇಳಿಬಿಡಿ. ಗುಂಡು ಕೆಳಗಿನ ಹಲಗೆಯ ಮೇಲೆ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಆ ಹಲಗೆಯ ಮುಂದಿನ ಅಂಚಿನವರೆಗೆ ಅಳೆಯಿರಿ. ಇಲ್ಲಿ 10 ಇಂಚು ಬಂತು. ಉಳಿದ 1 ಇಂಚು ಮೇಲಿನ ಹಲಗೆಯ ನೆರಳಿನಲ್ಲಿದೆ. ಈ 1 ಇಂಚು ನೆನಪಿರಲಿ, ಇಡೀ ಕೆಲಸ ಅದರ ಮೇಲೇ ನಿಂತಿದೆ.

ತೆರೆಯ ಮೇಲೆ: ಆಳ ಕನಿಷ್ಠ 250 ಮಿ.ಮೀ. ಎತ್ತರ ಗರಿಷ್ಠ 190 ಮಿ.ಮೀ.

ನಿರೂಪಣೆ: ನಮ್ಮ ನ್ಯಾಷನಲ್ ಬಿಲ್ಡಿಂಗ್ ಕೋಡ್, 2016ರದ್ದು, ವಾಸದ ಮನೆಗೆ ಹೇಳುವುದು ಇಷ್ಟು. ಆಳ ಸುಮಾರು 10 ಇಂಚು, ಎತ್ತರ ಏಳೂವರೆ ಇಂಚು. ಈ ಮನೆ ಅಂಚಿನಲ್ಲಿ ಪಾಸು. ನಿಮ್ಮ ಮನೆಯಲ್ಲಿ 9 ಇಂಚಿಗಿಂತ ಕಡಿಮೆ ಬಂದರೆ ನನ್ನ ಸಲಹೆ ನೇರ: ಪೂರ್ತಿ ಮುಚ್ಚಬೇಡಿ. ಪುಣೆಯ ಪೇಠ್‌ಗಳಲ್ಲಿ, ಅಂದರೆ ಹಳೇ ಬಡಾವಣೆಗಳಲ್ಲಿ, ವಾಡಾ ಅನ್ನುವ ಹಳೇ ದೊಡ್ಡ ಮನೆಗಳ ಅಟ್ಟಕ್ಕೆ ಹೋಗುವ ಕಡಿದಾದ ಮೆಟ್ಟಿಲು ನೋಡಿದ್ದೀರಲ್ಲ, ಅರ್ಧ ಏಣಿ, ಅರ್ಧ ಮೆಟ್ಟಿಲು. ಅಲ್ಲಿ ಪಾದ ಹಿಂದಕ್ಕೆ ತೂರುವುದರಿಂದಲೇ ಜನ ಹತ್ತುತ್ತಾರೆ. ಅದನ್ನು ಮುಚ್ಚಿದರೆ ಬರೀ ಬೆರಳ ತುದಿಯಲ್ಲಿ ಹತ್ತಬೇಕು. ಅಂಥ ಕಡೆ ಮಗುವಿಗೆ ಕೆಳಗೊಂದು, ಮೇಲೊಂದು ಗೇಟು ಹಾಕಿ, ಕೈ ಹಿಡಿಯಲು ಗಟ್ಟಿ ರೇಲಿಂಗ್ ಹಾಕಿ, ಸಾಕು.

ಈಗ ಹಲಗೆ ಎಲ್ಲಿ ಕೂರಬೇಕು ಅನ್ನುವುದಕ್ಕೆ ಬರೋಣ. ಮೆಟ್ಟಿಲಿನ ಹಿಂದೆ ನಿಲ್ಲಿಸುವ ಈ ಹಲಗೆಗೆ ಮಿಸ್ತ್ರಿಗಳು, ಅಂದರೆ ಬಡಗಿಗಳು, ರೈಸರ್ ಅಂತಾರೆ, ನಾನೂ ಹಾಗೇ ಅನ್ನುತ್ತೇನೆ.

ದೃಶ್ಯ: ಕಾಗದದ ಮೇಲೆ ಪೆನ್ಸಿಲ್ ಚಿತ್ರ. ಎರಡು ಮೆಟ್ಟಿಲು, ಪಕ್ಕದಿಂದ.

ನಿರೂಪಣೆ: ಸುಲಭದ ದಾರಿ, ಮುಂದಿನಿಂದ ತಳ್ಳಿ ಎರಡು ಹಲಗೆಗಳ ನಡುವೆ ನಿಲ್ಲಿಸುವುದು. ಜಾಸ್ತಿ ಜನ ಹಾಗೇ ಮಾಡಿಸುತ್ತಾರೆ. ಅದು ಕೆಳಗಿನ ಹಲಗೆಯ ಮೇಲೆ ಕೂರುತ್ತದೆ, 12 ಮಿ.ಮೀ. ಪ್ಲೈ ಆದರೆ ಅರ್ಧ ಇಂಚು ಜಾಗ ತಿನ್ನುತ್ತದೆ. ಇನ್ನೂ ಕೆಟ್ಟದ್ದು, ಮೇಲಿನ ಹಲಗೆಯ ಮುಂದಿನ ಅಂಚಿಗೆ ಸಮವಾಗಿ, ಚೆಂದ ಕಾಣಲಿ ಅಂತ, ಮುಂದಕ್ಕೆ ತಂದು ಹೊಡೆಯುವುದು. ಆ 1 ಇಂಚಿನ ನೆರಳು ಪೂರ್ತಿ ಹೋಯಿತು ಅಂತಲೇ ಲೆಕ್ಕ.

ಇನ್ನೊಂದು ದಾರಿ ಹಿಂದಿನಿಂದ. ರೈಸರ್ ಕೆಳಗಿನ ಹಲಗೆಯ ಮೇಲೆ ಕೂರುವುದೇ ಇಲ್ಲ, ಅದರ ಹಿಂದಿನ ಅಂಚಿಗೆ ಬೆನ್ನಲ್ಲಿ ಅಂಟಿಕೊಂಡು ನಿಲ್ಲುತ್ತದೆ. ತಲೆ ಮಾತ್ರ ಮೇಲಿನ ಹಲಗೆಯ ಅಡಿಯ ಹತ್ತಿರದವರೆಗೆ ಬರುತ್ತದೆ. ನಮ್ಮ 11 ಇಂಚಿನಲ್ಲಿ ಒಂದು ನೂಲೂ ಕಡಿಮೆಯಾಗುವುದಿಲ್ಲ, ಬೆರಳಿಗೆ 1 ಇಂಚು ಹಾಗೇ ಉಳಿಯುತ್ತದೆ. ರೈಸರ್ ಎತ್ತರ ಮಾತ್ರ ಜಾಸ್ತಿ ಬೇಕು: ಸಂದಿ 6 ಇಂಚು, ಹಲಗೆಯ ದಪ್ಪ ಒಂದೂವರೆ, ಒಟ್ಟು ಏಳೂವರೆ. ಮೆಟ್ಟಿಲಿನ ಅಡಿಗೆ ಹೋಗಿ ಕೂತು ಡ್ರಿಲ್ ಹಿಡಿಯಲು ಜಾಗ ಇದ್ದರೆ ಕಣ್ಣುಮುಚ್ಚಿ ಇದನ್ನೇ ಮಾಡಿ. ಮಿಸ್ತ್ರಿ ಬೆನ್ನು ಬಗ್ಗಿಸಬೇಕಾಗುತ್ತದೆ ಅಂತ ಗೊಣಗಬಹುದು. ಗೊಣಗಲಿ.

ಸಾಮಾನು ತರಲು ನಾವು ಭವಾನಿ ಪೇಠಿನ ಟಿಂಬರ್ ಮಾರ್ಕೆಟ್ಟಿಗೆ ಹೋಗಿದ್ದೆವು. ಕಾಕುವಿನ ಯಜಮಾನರು, ಅಂದರೆ ನಮ್ಮ ಕಾಕಾ, ಅವರಿಗೆ ಸಾಗುವಾನಿಯೇ ಬೇಕು ಅಂತ ಆಸೆ. ಮೆಟ್ಟಿಲೇ ಸಾಗುವಾನಿ, ಆಸೆ ತಪ್ಪಲ್ಲ. ಆದರೆ ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಪುಣೆಯ ಏಪ್ರಿಲ್ ಒಣಗಿಸುತ್ತದೆ, ಜುಲೈ ನೆನೆಸುತ್ತದೆ. ಏಳೂವರೆ ಇಂಚಿನ ಗಟ್ಟಿ ಹಲಗೆಯನ್ನು ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದರೆ ಮಳೆಗಾಲದಲ್ಲಿ ಮೇಲಿನ ಹಲಗೆಯನ್ನು ಒತ್ತಿ ಕಿರ್ ಅನ್ನಿಸುತ್ತದೆ. ಪ್ಲೈನಲ್ಲಿ ಪದರಗಳು ಒಂದಕ್ಕೊಂದು ಅಡ್ಡ ಇರುವುದರಿಂದ ಈ ಕಾಟ ಕಡಿಮೆ. ಐಎಸ್ 303 ಅನ್ನುವ ಭಾರತೀಯ ಮಾನಕದ ಮಾರ್ಕಿನ, ಬಿಡಬ್ಲ್ಯುಆರ್, ಅಂದರೆ ಕುದಿಯುವ ನೀರನ್ನೂ ತಡೆದುಕೊಳ್ಳುವ ದರ್ಜೆಯ 12 ಮಿ.ಮೀ. ಪ್ಲೈ ತಂದೆವು. ಅಂಗಡಿಯವರು ಮರೀನ್ ಪ್ಲೈ, ಅಂದರೆ ಐಎಸ್ 710 ತಗೊಳ್ಳಿ ಅಂತ ಬಲವಂತ ಮಾಡಿದರು. ಮನೆಯೊಳಗಿನ ಒಣ ಮೆಟ್ಟಿಲಿಗೆ ಅದು ಸುಮ್ನೆ ದುಡ್ಡು ದಂಡ.

ಎಷ್ಟು ಶೀಟು ಬೇಕು? ಇಲ್ಲಿ ಮೆಟ್ಟಿಲಿನ ಅಗಲ ಎರಡೂವರೆ ಅಡಿ, 30 ಇಂಚು. ಎಲ್ಲಾ ಸಂದಿ ಪೂರ್ತಿ ಮುಚ್ಚುವುದಾದರೆ ರೈಸರ್ 15. 8 ಅಡಿ ಉದ್ದದ ಶೀಟಿನಲ್ಲಿ ಉದ್ದಕ್ಕೆ ಮೂರು ತುಂಡು, 4 ಅಡಿ ಅಗಲದಲ್ಲಿ ಆರು ಸಾಲು. ಗರಗಸ ತಿನ್ನುವ ಪುಡಿ ಕಳೆದರೂ 18 ತುಂಡು ಬರುತ್ತದೆ. ಮೂರು ಹೆಚ್ಚುವರಿ. ಒಂದೇ ಶೀಟು ಸಾಕು. ಆದರೆ ನಿಮ್ಮದು 3 ಅಡಿ ಅಗಲದ ಮೆಟ್ಟಿಲು ಆದರೆ ಒಂದು ಸಾಲಿಗೆ ಎರಡೇ ತುಂಡು, ಒಟ್ಟು 12. ಉಳಿದ 2 ಅಡಿಯ ತುಂಡನ್ನು ಅಡ್ಡ ತಿರುಗಿಸಿ ಕತ್ತರಿಸಿದರೆ ಇನ್ನೂ ಮೂರು ಸಿಗುತ್ತದೆ, ಆದರೆ ಅವುಗಳಲ್ಲಿ ಮರದ ಗೆರೆಗಳು ನಿಂತ ಹಾಗೆ ಕಾಣುತ್ತವೆ. ಬಣ್ಣ ಬಳಿಯುವುದಾದರೆ ಪರವಾಗಿಲ್ಲ. ವಿನಿಯರ್, ಅಂದರೆ ಮರದ ತೆಳು ಪದರ ಅಂಟಿಸಿದ ಶೀಟಿಗೆ ಪಾಲಿಶ್ ಹೊಡೆಯುವುದಾದರೆ ಎರಡನೇ ಶೀಟು ತಗೊಳ್ಳಿ.

ಒಂದು ನಿಮಿಷ. ಕತ್ತರಿಸುವ ಮೊದಲು ಟಾರ್ಚ್ ಹಿಡಿದು ಮೆಟ್ಟಿಲಿನ ಅಡಿಗೆ ಹೋಗಿ. ಮುಚ್ಚಿದ ಮೇಲೆ ಮುಂದಿನಿಂದ ಏನೂ ಕಾಣುವುದಿಲ್ಲ, ಅಲ್ವಾ? ಹಲಗೆ ಗೋಡೆಗೆ ಸೇರುವ ಮೂಲೆಯಲ್ಲಿ ಮಣ್ಣಿನ ಸಣ್ಣ ಗೆರೆ ಇದ್ದರೆ ಗೆದ್ದಲು. ಹಿಟ್ಟಿನಂಥ ನುಣ್ಣನೆ ಪುಡಿ ಉದುರಿದ್ದರೆ ಮರ ಕೊರೆಯುವ ಹುಳ. ಸ್ಕ್ರೂ ಡ್ರೈವರಿನ ತುದಿ ಒತ್ತಿ ನೋಡಿ. ಗಟ್ಟಿ ಮರ ಒಳಗೆ ಬಿಡುವುದಿಲ್ಲ. ತುದಿ ಇಳಿದರೆ ಕೆಲಸ ನಿಲ್ಲಿಸಿ, ಮೊದಲು ಅದಕ್ಕೆ ಮದ್ದು ಮಾಡಿಸಿ. ಅಲುಗಾಡುವ ಹಲಗೆ ಇದ್ದರೂ ಈಗಲೇ ಬಿಗಿ ಮಾಡಿಸಿ. ರೈಸರ್ ಹೊಡೆದರೆ ತಾನಾಗಿ ಗಟ್ಟಿಯಾಗುತ್ತದೆ ಅಂತ ಹೇಳುವವರನ್ನು ನಂಬಬೇಡಿ.

ದೃಶ್ಯ: ಮಿಸ್ತ್ರಿಯ ಕೈ. ಎರಡು ತೆಳ್ಳನೆ ಪಟ್ಟಿಗಳು ಒಂದರ ಮೇಲೊಂದು.

ನಿರೂಪಣೆ: ಇದು ನನಗೆ ತುಂಬಾ ಇಷ್ಟವಾದ ಭಾಗ. ನಮ್ಮ ಮಿಸ್ತ್ರಿ ರಾಜಸ್ಥಾನದವರು, ಟೇಪು ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ಎರಡು ಪಟ್ಟಿ ಜೋಡಿಸಿ ಹಿಡಿದರು. ಒಂದರ ತುದಿ ಎಡ ಬದಿಗೆ ತಾಗಿಸಿ, ಇನ್ನೊಂದನ್ನು ಬಲ ಬದಿಗೆ ತಾಗುವವರೆಗೆ ಸರಿಸಿದರು. ಎರಡೂ ಕೂಡುವ ಕಡೆ ಹೆಬ್ಬೆರಳಲ್ಲಿ ಒತ್ತಿ ಪೆನ್ಸಿಲಿನ ಒಂದು ಗೀರು. ಆ ಉದ್ದವನ್ನು ಹಾಗೇ ಪ್ಲೈ ಮೇಲೆ ಇಟ್ಟರು. ಸಂಖ್ಯೆ ಓದುವ ಗೋಜೇ ಇಲ್ಲ, ತಪ್ಪು ಬರೆದುಕೊಳ್ಳುವ ಪ್ರಶ್ನೆಯೂ ಇಲ್ಲ. ಪ್ರತಿ ಮೆಟ್ಟಿಲಿಗೂ ಮೇಲೊಮ್ಮೆ, ಕೆಳಗೊಮ್ಮೆ ಹೀಗೆ ಅಳೆದರು. ನೋಡಲು ಎಲ್ಲಾ ಮೆಟ್ಟಿಲೂ ಒಂದೇ, ಅಳೆದರೆ ಐದನೆಯದು ಏಳನೆಯದಕ್ಕಿಂತ ಒಂದು ಸೂತ್ ಅಗಲ. ಸೂತ್ ಅಂದರೆ ಇಂಚಿನ ಎಂಟನೇ ಒಂದು ಭಾಗ, ಊರ ಕಡೆ ಬಡಗಿಗಳ ನೂಲು. ಹಾಗಾಗಿ ಒಂದೇ ಅಳತೆಯಲ್ಲಿ 15 ತುಂಡು ಕತ್ತರಿಸಿ ತರಬೇಡಿ. ಪ್ರತಿ ತುಂಡಿನ ಹಿಂದೆ ಮೆಟ್ಟಿಲಿನ ನಂಬರ್ ಬರೆಯಿರಿ.

ಕೂರಿಸುವುದು ಹೀಗೆ. ಕೆಳಗಿನ ಹಲಗೆಯ ಹಿಂದಿನ ಅಂಚಿಗೆ ಫೆವಿಕಾಲ್, ಆಮೇಲೆ ಎರಡು ಇಂಚಿನ ಸ್ಕ್ರೂ, ಒಂದು ರೈಸರಿಗೆ ನಾಲ್ಕು. ಸ್ಕ್ರೂಗಿಂತ ಸಣ್ಣ ಬಿಟ್‌ನಲ್ಲಿ ಮೊದಲೇ ತೂತು ಹಾಕದಿದ್ದರೆ ಹಳೇ ಸಾಗುವಾನಿ ಸೀಳುತ್ತದೆ. ಮೇಲ್ಗಡೆ ಅಂಟು ಬೇಡ. ಮೇಲಿನ ಹಲಗೆಯ ಅಡಿಗೆ ಒಂದು ಇಂಚಿನ ಪಟ್ಟಿ ಹೊಡೆದು, ರೈಸರನ್ನು ಹಿಂದಿನಿಂದ ಆ ಪಟ್ಟಿಗೆ ಸ್ಕ್ರೂ ಮಾಡಿ. ತಲೆಯ ಹತ್ತಿರ ಅರ್ಧ ಸೂತ್ ಸಂದು ಬಿಡಿ. ಮರಕ್ಕೆ ಮರ ಉಜ್ಜದಿದ್ದರೆ ಸದ್ದು ಬರುವುದಿಲ್ಲ. ಎಲ್ಲಕ್ಕಿಂತ ಕೆಳಗಿನ ರೈಸರ್ ನೆಲಕ್ಕೆ ತಾಗಬಾರದು, ಒಂದು ಸೂತ್ ಮೇಲಿರಲಿ, ಅಡಿ ಅಂಚಿಗೆ ಎರಡು ಕೋಟು ಬಣ್ಣ ಇರಲಿ. ದಿನಾ ನೆಲ ಒರೆಸುವ ನೀರನ್ನು ಪ್ಲೈ ಹೀರುವುದು ಅಲ್ಲಿಂದಲೇ.

ಕಾಕು: ಎಲ್ಲಾ ಮುಚ್ಚಿದ ಮ್ಯಾಲೆ ಹಾಲ್ ಕತ್ತಲಿ ಆಗುದಿಲ್ಲೇನೊ? ಹಿಂದಿನ ಖಿಡಕಿ ಬೆಳಕು ಈ ಸಂದ್ಯಾಗಿಂದನ ಬರತೈತಿ.

ನಿರೂಪಣೆ: ಆಗುತ್ತದೆ ಕಾಕು. ಅದಕ್ಕೇ ಮೇಲಿನ ಐದು ಮೆಟ್ಟಿಲು ಅರ್ಧ ಮುಚ್ಚಿದ್ದು. ಸಂದಿ 6 ಇಂಚು ಅಂದೆನಲ್ಲ, ಅಲ್ಲಿ ರೈಸರ್ ಬದಲು ಎರಡೂಕಾಲು ಇಂಚಿನ ಪಟ್ಟಿ ಮಾತ್ರ, ಮೇಲಿನ ಹಲಗೆಯ ಅಡಿಗೆ. ಉಳಿದ ಸಂದಿ ಮೂರೂಮುಕ್ಕಾಲು. ಡಬ್ಬಿ ತೂರುವುದಿಲ್ಲ, ಬೆಳಕು ತೂರುತ್ತದೆ. ನಿಜ ಹೇಳಬೇಕೆಂದರೆ ಮನೆಯಲ್ಲಿ ಮಗು ಮಾತ್ರ ಚಿಂತೆಯಾದರೆ ಇಡೀ ಮೆಟ್ಟಿಲಿಗೆ ಇದೇ ಸಾಕಾಗುತ್ತದೆ. ತಲೆ ತಿರುಗುವವರು, ಕೋಲು ಹಿಡಿದು ಹತ್ತುವವರು, ಕಾಲೆತ್ತಲು ಕಷ್ಟ ಇರುವವರು ಇದ್ದರೆ ಪೂರ್ತಿ ಮುಚ್ಚುವುದು ಒಳ್ಳೆಯದು. ತೆರೆದ ಸಂದಿಗೆ ಚಪ್ಪಲಿಯ ತುದಿ ಸಿಕ್ಕಿ ಮುಗ್ಗರಿಸುವವರು ಅವರೇ.

ಬಣ್ಣ ಎನಾಮೆಲ್ ಇರಲಿ, ಬೂಟಿನ ಕಪ್ಪು ಗೀರು ಒದ್ದೆ ಬಟ್ಟೆಯಲ್ಲಿ ಹೋಗುತ್ತದೆ. ರೈಸರ್ ತಿಳಿ ಬಣ್ಣ, ಮೆಟ್ಟಿಲಿನ ಅಂಚು ಕಡು ಬಣ್ಣ. ಮಬ್ಬು ಬೆಳಕಿನಲ್ಲಿ ವಯಸ್ಸಾದವರಿಗೆ ಅಂಚು ಬೇರೆಯಾಗಿ ಕಾಣುವುದು ಮುಖ್ಯ.

ಇನ್ನು ಮೆಟ್ಟಿಲಿನ ಅಡಿಯನ್ನೂ ಮುಚ್ಚಿ ಕಪಾಟು ಮಾಡಿಸೋಣ ಅಂತ ಕಾಕಾ ಆಗಲೇ ಹೇಳಿದ್ದಾರೆ. ಮಾಡಿಸಿ, ಆದರೆ ಮೆಟ್ಟಿಲಿನ ಬೆನ್ನಿಗೆ ನೇರ ಪ್ಲೈ ಹೊಡೆದು ಸೀಲ್ ಮಾಡಬೇಡಿ. ಒಳಗೆ ಗಾಳಿ ಆಡಲು ಜಾಳಿಗೆಯ ಬಾಗಿಲು ಇರಲಿ. ಕಪಾಟಿನ ಹಿಂಬದಿ ಹಲಗೆ ನಾಲ್ಕು ಸ್ಕ್ರೂ ಬಿಚ್ಚಿದರೆ ಕೈಗೆ ಬರುವಂತಿರಲಿ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಅದನ್ನು ತೆಗೆದು, ಅದೇ ಟಾರ್ಚು, ಅದೇ ಸ್ಕ್ರೂ ಡ್ರೈವರ್ ಹಿಡಿದು ಒಳಗೆ ನೋಡಿ.