ಅಘನಾಶಿನಿಯ ಜೊತೆ ಘಟ್ಟ ಇಳಿಯುತ್ತ

ದಕ್ಷಿಣಕ್ಕೆ ಶರಾವತಿ: ಅಲ್ಲಿ ಲಿಂಗನಮಕ್ಕಿ ಅಣೆಕಟ್ಟು. ಉತ್ತರಕ್ಕೆ ಕಾಳಿ: ಅಲ್ಲಿ ಸೂಪಾ, ಕೊಡಸಳ್ಳಿ, ಕದ್ರಾ. ನಡುವಿನ ಅಘನಾಶಿನಿ ಹೊಳೆಗೆ ಮಾತ್ರ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಶಿರಸಿಯ ಶಂಕರಹೊಂಡದಲ್ಲಿ ಇದರ ಒಂದು ಮೂಲ, ಮಂಜುಗುಣಿಯ ಕಡೆ ಇನ್ನೊಂದು. ಅಲ್ಲಿಂದ ಕುಮಟಾ ತಾಲ್ಲೂಕಿನ ತದಡಿಯ ಅಳಿವೆಯವರೆಗೆ ಸುಮಾರು 120 ಕಿಲೋಮೀಟರ್.

ಈಗ ಕಾಣುತ್ತಿರುವುದು ಸಿದ್ಧಾಪುರ ತಾಲ್ಲೂಕಿನ ಉಂಚಳ್ಳಿ ಜಲಪಾತ, 116 ಮೀಟರ್ ಎತ್ತರ. 1845ರಲ್ಲಿ ಲಶಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿ ಇದನ್ನು 'ಕಂಡುಹಿಡಿದ'ನಂತೆ. ಅವನಿಗೂ ಮೊದಲು ಇಲ್ಲಿಯವರಿಗೆ ಈ ಭೋರ್ಗರೆತ ಕೇಳಿಸಿರಲಿಲ್ಲವೇ? ಕೆಪ್ಪ ಜೋಗ ಎಂದು ಕರೆದವರು ಅವರೇ ತಾನೆ!

ಸುತ್ತಲಿನ ಕಾಡಿನಲ್ಲಿ ಸಿಂಗಳೀಕಗಳಿವೆ. ಅವು ನೆಲಕ್ಕಿಳಿಯುವುದು ಅಪರೂಪ. ಮರದಿಂದ ಮರಕ್ಕೆ ಹಸಿರು ತುಂಡಾಗದೆ ಸಾಗಬೇಕು. ಅವುಗಳಿಗಾಗಿ 2011ರಲ್ಲಿ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಸಂರಕ್ಷಿತ ಮೀಸಲು ಎಂದು ಘೋಷಿಸಲಾಯಿತು. ಕಾಡಿನ ತಗ್ಗುಗಳಲ್ಲಿ ರಾಮಪತ್ರೆ ಜಡ್ಡಿಗಳು, ಅಂದರೆ ರಾಮಪತ್ರೆ ಮರಗಳು ಬೆಳೆಯುವ ಜೌಗು. ಕೆಸರಿನೊಳಗೆ ಉಸಿರು ಸಿಗದ ಬೇರುಗಳು ಮಂಡಿ ಮಡಚಿದಂತೆ ಮೇಲೆದ್ದಿವೆ. ಕಣಿವೆಯ ಅಡಿಯಲ್ಲಿ ಅಡಿಕೆ ತೋಟ, ಮೇಲೆ ಅದಕ್ಕೆ ಗೊಬ್ಬರದ ಎಲೆ ಕೊಡುವ ಸೊಪ್ಪಿನ ಬೆಟ್ಟ.

ಘಟ್ಟ ಇಳಿದರೆ ಮಿರ್ಜಾನ್. ಜಂಬಿಟ್ಟಿಗೆಯ ಈ ಕೋಟೆಯೊಂದಿಗೆ ಜನ ನೆನೆಯುವುದು 16ನೇ ಶತಮಾನದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದರು. ಅವರ ಹಡಗುಗಳನ್ನು ತುಂಬಿಸಿದ್ದು ಘಟ್ಟದ ಬಳ್ಳಿಯೇ.

ನನಗೆ ಕೋಟೆಗಿಂತ ಮಾಣಿಕಟ್ಟದ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ ಮೇಲೇ ಹೆಚ್ಚು ಆಸೆ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆಯುತ್ತದೆ, ಆಗ ಕಗ್ಗ ಭತ್ತ ಬೆಳೆಯುತ್ತದೆ. ನೆರೆಯಲ್ಲಿ ಮುಳುಗಿದರೂ, ಒಂದಷ್ಟು ಉಪ್ಪು ಉಳಿದರೂ ಸಹಿಸುವ ತಳಿ ಅದು. ಕೊಯ್ಲಾದ ಮೇಲೆ ಒಡ್ಡಿನ ಬಾಗಿಲು ತೆರೆದು ಭರತದ ನೀರನ್ನು ಒಳಗೆ ಬಿಡುತ್ತಾರೆ. ಕೂಳೆ ಕೊಳೆತು ಮೀನು, ಸಿಗಡಿಗಳಿಗೆ ಮೇವಾಗುತ್ತದೆ. ಅದೇ ಗದ್ದೆ, ವರ್ಷಕ್ಕೆ ಎರಡು ಬೇರೆ ಬೇರೆ ಫಸಲು. ಇಳಿತದ ಹೊತ್ತಿಗೆ ಅಳಿವೆಯಲ್ಲಿ ಹೆಂಗಸರು ಬಳಚು ಎಂಬ ಚಿಪ್ಪುಜೀವಿಗಳನ್ನು ಆರಿಸುತ್ತಾರೆ.

ತದಡಿಯಲ್ಲಿ 4000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾವವಿತ್ತು. ವಿರೋಧ ಎದ್ದಿತು, ಅದು ಬರಲಿಲ್ಲ. 2024ರಲ್ಲಿ ಈ ಅಳಿವೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿತು, 4801 ಹೆಕ್ಟೇರ್. ಪಟ್ಟಿಯ ಗೆರೆ ಇರುವುದು ಕೆಳಗೆ, ನೀರು ಬರುವುದು ಮೇಲಿನಿಂದ. ಆ ನೀರನ್ನು ಬಯಲುಸೀಮೆಗೆ ತಿರುಗಿಸುವ ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಈ ಬಗ್ಗೆ ಶಿರಸಿಯಲ್ಲಿ ಸಭೆ ನಡೆದಾಗ ಬಳಚು ಆರಿಸುವವರಿಗೂ ಒಂದು ಕುರ್ಚಿ ಹಾಕಲಿ ಎನ್ನುತ್ತೇನೆ ನಾನು.